ಇಪ್ಪತ್ಮೂರು ಕೋಟಿ ತುಂಡಿನ ಟಗರು

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಇಪ್ಪತ್ತೇಳು ವರ್ಷದಿಂದ ತೂಕ ಹಾಕುತ್ತಿರುವ ದೊಡ್ಡಬೀರಯ್ಯನಿಗೆ, ಲೆಕ್ಕದಲ್ಲಿ ತನ್ನನ್ನು ಮೀರಿಸಿದವರು ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂಬ ನಂಬಿಕೆಯಿತ್ತು. ಈ ನಂಬಿಕೆಗೆ ಆಧಾರವೇನು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವನು ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ ತೆಗೆದು ತೋರಿಸುತ್ತಿದ್ದ. ಹೈಸ್ಕೂಲಿನಲ್ಲಿ ಲೆಕ್ಕದ ಪರೀಕ್ಷೆಯನ್ನು ಮೂರು ಸಲ ಬರೆದು ಮೂರು ಸಲವೂ ಫೇಲಾದವನು ಅವನು. ಆದರೆ ಕಿವಿಯ ಮೇಲೆ ಪೆನ್ಸಿಲ್ ಇರುವವನನ್ನು ಬೀದಿಯ ಜನ ಮಾರ್ಕ್ಸ್ ಕಾರ್ಡು ಕೇಳುವುದಿಲ್ಲ. ಹಾಗಾಗಿ ಪ್ರತಿ ವರ್ಷ ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಬೀದಿಯವರೆಲ್ಲ ಸೇರಿ ಕುಯ್ಯಿಸುವ ಟಗರಿನ ಗುಡ್ಡೆ ಹಾಕುವ ಕೆಲಸ ಅವನ ಪಾಲಿಗೇ ಬರುತ್ತಿತ್ತು.

ಗುಡ್ಡೆ ಬಾಡು ಎಂದರೇನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ; ಉಳಿದವರಿಗೆ ಹೇಳದೆ ವಿಧಿಯಿಲ್ಲ. ಬಾಡು ಎಂದರೆ ಮಾಂಸ; ನೆಲಕ್ಕೆ ತಾರ್ಪಾಲು ಹಾಸಿ, ಎಷ್ಟು ಮನೆಯೋ ಅಷ್ಟು ಗುಡ್ಡೆ ಲೆಕ್ಕ ಹಿಡಿದು, ತೊಡೆಯದು ಎಲ್ಲರಿಗೂ ಒಂದೊಂದು, ಪಕ್ಕೆಯದು ಎಲ್ಲರಿಗೂ ಒಂದೊಂದು, ಕರುಳಿನ ಬೋಟಿ ಎಲ್ಲರಿಗೂ ಒಂದೊಂದು ಎಂದು ಹಂಚುತ್ತ ಹೋಗುವುದು. ತಕ್ಕಡಿ ಮುಟ್ಟುವಂತಿಲ್ಲ. ತಕ್ಕಡಿಗೆ ಮೂಳೆಯೂ ಒಂದೇ ಲಿವರೂ ಒಂದೇ, ಬಾಯಿಗೆ ಹಾಗಲ್ಲವಲ್ಲ. ಹಂಚುವಾಗ ಇಡೀ ಬೀದಿ ಸುತ್ತ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿರುತ್ತದೆ. ವೋಟು ಎಣಿಸುವ ಕಡೆಯಲ್ಲೂ ಅಷ್ಟು ಕಾವಲು ಇರುವುದಿಲ್ಲ.

ಹೋದ ವರ್ಷ ಗುಡ್ಡೆ ಹದಿನೇಳಿದ್ದವು. ಲಿವರ್ ಮಾತ್ರ ಹದಿನೆಂಟು ತುಂಡಾಗಿತ್ತು. ಮಿಕ್ಕಿದ ಒಂದನ್ನು ದೊಡ್ಡಬೀರಯ್ಯ ಹಿಂದುಮುಂದು ನೋಡದೆ ತನ್ನ ಅಕ್ಕ ಮಂಚಮ್ಮನ ಗುಡ್ಡೆಗೆ ಹಾಕಿಬಿಟ್ಟ.

"ಅಕ್ಕಂಗೆ ಎಲ್ಡಾ?" ಎಂದು ಎದುರುಮನೆಯ ರಂಗನಾಯಕ ಕೂಗಿದ.

ದೊಡ್ಡಬೀರಯ್ಯ ಗಾಬರಿಯಾಗಿ ಅದನ್ನೆತ್ತಿ ಪಕ್ಕದ ಗುಡ್ಡೆಗೆ ಹಾಕಿದ. ಅದರಾಚೆಯ ಗುಡ್ಡೆಯವರು ಕೂಗಿದರು. ಅಲ್ಲಿಂದೆತ್ತಿ ಅದಕ್ಕೆ ಹಾಕಿದ. ಹೀಗೆ ಆ ತುಂಡು ಹದಿನೇಳು ಗುಡ್ಡೆಗಳನ್ನೂ ಪ್ರದಕ್ಷಿಣೆ ಹಾಕುತ್ತಿರುವಾಗ ಒಂದು ಕಾಗೆ ಬಂದು ಎತ್ತಿಕೊಂಡು ಹೋಯಿತು. ಬೀದಿಗೆ ಸಮಾಧಾನವಾಯಿತು. ಮಂಚಮ್ಮನಿಗೆ ಮಾತ್ರ ಆಗಲಿಲ್ಲ. "ಕಾಗೆ ತಿಂದ್ರೂ ಸೈ, ಅಕ್ಕ ತಿನ್ನಬಾರ್ದು ಅಂದ್ಬುಟ್ಟ. ಕೊಟ್ಟಿದ್ನ ಬೀದಿ ಮುಂದೆ ಕಿತ್ಕೊಂಡ!" ಎಂದು ತನ್ನ ಗುಡ್ಡೆಯನ್ನು ಪಾತ್ರೆಗೆ ಸುರಿದುಕೊಂಡು ಹೋದವಳು ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟಳು.

ವರ್ಷತೊಡಕಿನ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮ ಜನ ನಂಬುತ್ತಾರೆ. ಈ ಪ್ರಕರಣದಲ್ಲಿ ಹಾಗೆಯೇ ನಡೆಯಿತು. ಎರಡು ಮನೆ ಆಚೆಗಿರುವ ಅಕ್ಕ ಒಂದು ವರ್ಷ ತಮ್ಮನನ್ನು ನೇರವಾಗಿ ಮಾತಾಡಿಸಲಿಲ್ಲ. ಅವನು ಎದುರಿಗೆ ಬಂದರೆ ತನ್ನ ಕೋಳಿಗೆ ಹೇಳುವಳು: "ಯಾರೋ ದಾರೀಲಿ ನಿಂತವ್ರೆ ಕಣಮ್ಮಿ, ನೀ ಸುತ್ತಾಕೊಂಡ್ ಓಗು." ಅವನಿಗೆ ಜ್ವರ ಬಂದಾಗ ಗಂಜಿ ಕಳಿಸಿದಳು, ಆದರೆ ಯಾರಿಗೆಂದು ಹೇಳದೆ ಜಗಲಿಯ ಮೇಲಿಟ್ಟು ಹೋಗುವಂತೆ ಕಳಿಸಿದಳು. ತಾಯಿ ಸತ್ತಾಗ ದೊಡ್ಡಬೀರಯ್ಯನಿಗೆ ನಾಲ್ಕು ವರ್ಷ. ಅಕ್ಕನ ಸೊಂಟದ ಮೇಲೇ ಬೆಳೆದವನು. ಐವತ್ತೆರಡನೆಯ ವಯಸ್ಸಿನಲ್ಲಿ ಅವಳ ಕೋಳಿಯ ಮೂಲಕ ಬೈಸಿಕೊಳ್ಳುವುದು ಅವನಿಗೆ ಬಹಳ ಸಂಕಟದ ವಿಷಯವಾಗಿತ್ತು.

ಈ ವರ್ಷದ ವರ್ಷತೊಡಕಿಗೆ ಹದಿನೈದು ದಿನ ಇರುವಾಗ ಅವನು ಹೆಂಡತಿಯ ಮುಂದೆ ಪ್ರತಿಜ್ಞೆ ಮಾಡಿದ. "ಈ ಸಲ ಒಂದ್ ತುಂಡೂ ಮಿಗಬಾರ್ದು. ಮಿಕ್ರೆ ತಾನೆ ಜಗಳ? ಮಿಗ್ದೇ ಇರಂಗೆ ಮಾಡ್ಬುಟ್ರೆ ಅಕ್ಕ ಬಂದೇ ಬತ್ತಳೆ."

"ಎಷ್ಟ್ ಮನೆ ಅಂತ ಗೊತ್ತಾದ್ರೆ ತಾನೆ ಅಷ್ಟು ತುಂಡು ಮಾಡದು?" ಎಂದಳು ಹೆಂಡತಿ. ಸರಿಯಾದ ಮಾತು. ಬೀದಿಯವರ ಗುಣವೇ ಅದು. ಬರುತ್ತೇನೆಂದವರು ಬರುವುದಿಲ್ಲ, ಬರುವುದಿಲ್ಲ ಎಂದವರು ಟಗರು ಕುಯ್ದ ಮೇಲೆ ಪಾತ್ರೆ ಹಿಡಿದು "ನಂದೂ ಒಂದ್ ಗುಡ್ಡೆ ಹಾಕ್ಬುಡು" ಎಂದು ನಿಲ್ಲುತ್ತಾರೆ.

ದೊಡ್ಡಬೀರಯ್ಯ ಒಂದಿಡೀ ದಿನ ಪೆನ್ಸಿಲ್ ಕಚ್ಚಿದ. ಮಾರನೆಯ ದಿನ ಬೆಳಿಗ್ಗೆ ಮಂಡಿಗೆ ರಜೆ ಹೇಳಿ ಚಾಮರಾಜನಗರದ ಬಸ್ಸು ಹತ್ತಿದ.

ಅಲ್ಲಿದ್ದವರು ನಿವೃತ್ತ ಗಣಿತದ ಮೇಷ್ಟ್ರು ಗುರುಪಾದಸ್ವಾಮಿ. ದೊಡ್ಡಬೀರಯ್ಯನನ್ನು ಮೂರು ಸಲವೂ ಫೇಲು ಮಾಡಿದ್ದು ಇವರೇ. ನಿವೃತ್ತರಾಗಿ ಹದಿನೈದು ವರ್ಷದಲ್ಲಿ ಇವರ ಹತ್ತಿರ ಯಾರೂ ಒಂದು ಲೆಕ್ಕವನ್ನೂ ಕೇಳಿರಲಿಲ್ಲ. ಗ್ಯಾಸು ಬುಕ್ ಮಾಡುವುದು ಹೇಗೆ ಎಂದು ಮಾತ್ರ ಕೇಳುತ್ತಿದ್ದರು. ಆಗಷ್ಟೇ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದ ಮೇಷ್ಟ್ರ ಮುಂದೆ, ಅವರ ನಡುಮನೆಯಲ್ಲಿ ನಿಂತು, ಟಗರಿನ ಲಿವರ್ ಎಂಬ ಮಾತನ್ನು ಹೇಳಲು ದೊಡ್ಡಬೀರಯ್ಯನಿಗೆ ನಾಲಿಗೆ ಬರಲಿಲ್ಲ.

"ಸಾ, ಒಂದು ಪದಾರ್ಥ ಅದೆ. ತುಂಡು ಮಾಡ್ಬೇಕು. ಎಷ್ಟ್ ಜನ ಬತ್ತರೆ ಅಂತ ಮೊದ್ಲೇ ಗೊತ್ತಾಗಕಿಲ್ಲ. ಒಬ್ರು ಬಂದ್ರೂ ಸೈ, ಇಪ್ಪತ್ ಜನ ಬಂದ್ರೂ ಸೈ, ನಡುವೆ ಎಷ್ಟಾದ್ರೂ ಸೈ, ಸಮಸಮ ಆಗ್ಬೇಕು, ಏನೂ ಮಿಗಬಾರ್ದು. ಎಷ್ಟ್ ತುಂಡ್ ಮಾಡ್ಲಿ ಸಾ?"

"ಪದಾರ್ಥ ಯಾವುದಪ್ಪ?"

"ಮೆತ್ತಗಿರ್ತದೆ ಸಾ."

"ಬೆಣ್ಣೆಯೇ?"

"ಬೆಣ್ಣೆ ತರದ್ದೇ ಅನ್ಕಳಿ ಸಾ."

ಇಲ್ಲಿ ನಿಜ ಹೇಳಿದ್ದರೆ ಮೇಷ್ಟ್ರು "ಲೋ, ತಕ್ಕಡಿಯಲ್ಲಿ ತೂಗೋ" ಎಂದು ಒಂದೇ ಮಾತಿನಲ್ಲಿ ಕಳಿಸಿಬಿಡುತ್ತಿದ್ದರು. ಈ ಕಥೆಯೂ ಇರುತ್ತಿರಲಿಲ್ಲ. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಒಂದು ಮಾತು ತಾಲ್ಲೂಕನ್ನೇ ಕುಣಿಸಿತು.

ಮೇಷ್ಟ್ರು ಅಟ್ಟದಿಂದ ಹಳೆಯ ಕರಿಹಲಗೆ ಇಳಿಸಿದರು. ಅವರ ಮುಖ ಮದುವೆಮನೆಯಾಯಿತು.

"ಒಂದರಿಂದ ಇಪ್ಪತ್ತರವರೆಗೆ ಎಲ್ಲದಕ್ಕೂ ನಿಶ್ಶೇಷವಾಗಿ ಹೋಗುವ ಅತಿ ಚಿಕ್ಕ ಸಂಖ್ಯೆ. ಆಹಾ! ಲಘುತ್ತಮ ಸಾಮಾನ್ಯ ಅಪವರ್ತ್ಯ ಕಣೋ ಅದು! ಹತ್ತು ಜನದವರೆಗಾದರೆ ಎರಡು ಸಾವಿರದ ಐನೂರ ಇಪ್ಪತ್ತು ತುಂಡು ಸಾಕು. ಹನ್ನೊಂದನೆಯವನು ಬಂದ ಅನ್ನು, ಒಂದೇ ಏಟಿಗೆ ಇಪ್ಪತ್ತೇಳು ಸಾವಿರದ ಏಳುನೂರ ಇಪ್ಪತ್ತಾಗುತ್ತದೆ. ಹನ್ನೆರಡನೆಯವನು ಬಂದರೆ ತೊಂದರೆಯಿಲ್ಲ, ಪಾಪ, ಇರುವುದರಲ್ಲೇ ಹೊಂದಿಕೊಳ್ಳುತ್ತಾನೆ. ಹದಿಮೂರನೆಯವನು ಮತ್ತೆ ತಕರಾರಿನವನು. ಹದಿನೇಳು ತಕರಾರು. ಹತ್ತೊಂಬತ್ತು ಮಹಾ ತಕರಾರು. ಇವೆಲ್ಲ ಅವಿಭಾಜ್ಯ ಸಂಖ್ಯೆಗಳಪ್ಪ, ಯಾರ ಜೊತೆಗೂ ಹೊಂದಿಕೊಳ್ಳುವುದಿಲ್ಲ."

ದೊಡ್ಡಬೀರಯ್ಯ ಮನಸ್ಸಿನಲ್ಲೇ ಬೀದಿಯ ಮನೆಗಳನ್ನು ಎಣಿಸಿದ. ಹತ್ತೊಂಬತ್ತನೆಯದು ರಂಗನಾಯಕನ ಮನೆ. ಗಣಿತದ ಮೇಲೆ ಅವನಿಗೆ ಅಂದು ಮೊದಲ ಸಲ ಭಕ್ತಿ ಬಂತು.

ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಉತ್ತರ ನಿಂತಿತು: ಇಪ್ಪತ್ಮೂರು ಕೋಟಿ ಇಪ್ಪತ್ತೇಳು ಲಕ್ಷದ ತೊಂಬತ್ತೆರಡು ಸಾವಿರದ ಐನೂರ ಅರವತ್ತು.

"ಇದಕ್ಕಿಂತ ಒಂದು ಕಡಿಮೆಯಾದರೂ ಕೆಟ್ಟಿತು, ಒಂದು ಹೆಚ್ಚಾದರೂ ಕೆಟ್ಟಿತು" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. "ಯಾವತ್ತು ಹಂಚುತ್ತೀಯೋ? ನಾನೂ ಬಂದು ನೋಡಬೇಕು."

ಮೇಷ್ಟ್ರಿಗೆ ಬೇಡವೆನ್ನಲು ದೊಡ್ಡಬೀರಯ್ಯನಿಗೆ ಆಗಲಿಲ್ಲ. ಯುಗಾದಿ ಮಾರನೆ ದಿನ ಎಂದು ಹೇಳಿ ಬಂದ.

ಬೀದಿಯ ವರ್ಷತೊಡಕಿಗೆ ಮೂವತ್ತು ವರ್ಷದಿಂದ ಕತ್ತಿ ಹಿಡಿಯುವವರು ಅಬ್ದುಲ್ ರಹೀಂ. ಗುಂಡ್ಲುಪೇಟೆ ಪೇಟೆಬೀದಿಯಲ್ಲಿ ಅವರ ಮಟನ್ ಅಂಗಡಿ. ಹೇಳಿದ ತುಂಡು ಹೇಳಿದ ಹಾಗೆ ಎಂಬ ಹೆಸರು ಅವರದು. ಮಂಡಿಯಲ್ಲಿ ಲಾರಿಗಳು ನಿಂತಿದ್ದರಿಂದ ದೊಡ್ಡಬೀರಯ್ಯ ತಾನು ಹೋಗದೆ ಒಂದು ಚೀಟಿ ಕಳಿಸಿದ. ಅದರಲ್ಲಿ ಹೀಗಿತ್ತು: "ರಹೀಂ ಸಾಬ್ರಿಗೆ. ವರ್ಷತೊಡಕಿಗೆ ಒಟ್ಟು ತುಂಡು 23,27,92,560. ಒಂದೂ ಹೆಚ್ಚುಕಡಿಮೆ ಆಗಕೂಡದು. ಬೆಳಿಗ್ಗೆ ಎಂಟಕ್ಕೆ."

ರಹೀಂ ಚೀಟಿಯನ್ನು ನೇರ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೆಂಡತಿ ನಾಸಿರಾಳನ್ನು ಕರೆದರು.

"ಫೋನ್ ನಂಬರ್ ಇರ್ಬೇಕು" ಎಂದರು ನಾಸಿರಾ.

"ಒಂದು ಅಂಕಿ ಕಮ್ಮಿ ಇದೆ. ಮೇಲೆ 'ತುಂಡು' ಅಂತ ಬರ್ದಿದ್ದಾರಲ್ಲ?"

"ಒಂದು ಕುರಿಗೆ ಎಷ್ಟು ತುಂಡು ಮಾಡ್ತೀರಿ ನೀವು?"

"ಸಾರಿಗೆ ಅಂದ್ರೆ ಮುನ್ನೂರು."

ನಾಸಿರಾ ಮೊಬೈಲಿನಲ್ಲಿ ಒತ್ತಿದರು. "ಏಳು ಲಕ್ಷದ ಎಪ್ಪತ್ತೈದು ಸಾವಿರದ ಒಂಬೈನೂರ ಎಪ್ಪತ್ತೈದು ಕುರಿ. ಮೇಲೆ ಅರವತ್ತು ತುಂಡು."

"ಯಾ ಅಲ್ಲಾ! ಆ ಅರವತ್ತು ತುಂಡು ಯಾಕೆ?" ಎಂದರು ರಹೀಂ. ದೊಡ್ಡ ಆಘಾತವಾದಾಗ ಮನುಷ್ಯ ಸಣ್ಣದನ್ನೇ ಮೊದಲು ಕೇಳುತ್ತಾನೆ.

ಆದರೆ ಮೂವತ್ತು ವರ್ಷದಲ್ಲಿ ಒಂದು ಆರ್ಡರಿಗೂ ಇಲ್ಲ ಎಂದವರಲ್ಲ ಅವರು. ಚಂದಕವಾಡಿಯ ಕುರಿ ವ್ಯಾಪಾರಿಗೆ ಫೋನ್ ಮಾಡಿ, "ಎಷ್ಟಿದ್ದರೂ ಹೊಡ್ಕೊಂಡು ಬನ್ನಿ, ಆಮೇಲೂ ಏಳು ಲಕ್ಷ ಬೇಕಾಗ್ತದೆ" ಎಂದರು. ಆ ವ್ಯಾಪಾರಿ ಕುದೇರಿಗೆ ಫೋನ್ ಮಾಡಿದ. ಕುದೇರಿನವನು ಸತ್ಯಮಂಗಲಕ್ಕೆ ಮಾಡಿದ. ಸಂಜೆಯೊಳಗೆ ಸುದ್ದಿ ಹೀಗೆ ನಿಂತಿತ್ತು: ಗುಂಡ್ಲುಪೇಟೆಯಲ್ಲಿ ಯಾವುದೋ ಪಕ್ಷದ ಭಾರಿ ಸಮಾವೇಶ, ಏಳೆಂಟು ಲಕ್ಷ ಕುರಿ ಬೀಳುತ್ತದೆ, ಎಲ್ಲದರ ಉಸ್ತುವಾರಿ ಈರುಳ್ಳಿ ಮಂಡಿಯ ದೊಡ್ಡಬೀರಯ್ಯನದು.

ಮೊದಲು ಬಂದವನು ಶಾಮಿಯಾನದ ಮುಜೀಬ್. "ಬೀರಯ್ಯಣ್ಣ, ಎಷ್ಟು ಎಕರೆಗೆ ಶಾಮಿಯಾನ ಹಾಕ್ಲಿ?"

"ಎಕರೆ ಯಾಕ್ಲಾ? ಒಂದ್ ತಾರ್ಪಾಲ್ ಸಾಕು."

ಮುಜೀಬ್ ಸುತ್ತ ನೋಡಿ ದನಿ ತಗ್ಗಿಸಿದ. "ಅರ್ಥ ಆಯ್ತು ಬಿಡಣ್ಣ. ಯಾವ ಪಕ್ಷ ಅಂತ ಹೇಳ್ಬೇಡ. ನಾನೂ ಕೇಳಲ್ಲ."

ದೊಡ್ಡಬೀರಯ್ಯ ಯಾವುದಕ್ಕೂ ಇರಲಿ ಎಂದು ತಲೆಯಾಡಿಸಿದ. ತಿಳಿಯದ ವಿಷಯಕ್ಕೆ ತಲೆಯಾಡಿಸುವುದು ಅವನ ಹುಟ್ಟುಗುಣ. ಮಾರನೆಯ ದಿನದಿಂದ ಬೀದಿಯಲ್ಲಿ ಅವನ ತೂಕ ಏರಿತು. ಊಟದೆಲೆಯವರು ಬಂದರು, ಸೌದೆಯವರು ಬಂದರು, ವಯನಾಡಿನಿಂದ ಬಿರಿಯಾನಿ ಭಟ್ಟರೊಬ್ಬರು ಬಂದು ಮಲಯಾಳದಲ್ಲಿ ಅರ್ಧ ಗಂಟೆ ಮಾತಾಡಿ ಹೋದರು. ರಂಗನಾಯಕನಂತೂ ಜೀವಮಾನದಲ್ಲಿ ಮೊದಲ ಸಲ ಅವನನ್ನು ಬಹುವಚನದಲ್ಲಿ ಕರೆದು, "ಟಿಕೆಟ್ ನಿಮಗೇನಾ, ಬೀರಯ್ಯನೋರೆ?" ಎಂದು ಕೇಳಿದ. ದೊಡ್ಡಬೀರಯ್ಯ ಅದಕ್ಕೂ ತಲೆಯಾಡಿಸಿದ. ಬಾರದಿದ್ದವಳು ಮಂಚಮ್ಮ ಒಬ್ಬಳೇ. ಅವನು ದಿನಕ್ಕೆ ಹತ್ತು ಸಲ ಅವಳ ಬಾಗಿಲ ಕಡೆ ನೋಡುತ್ತಿದ್ದ.

ಮೂರನೆಯ ದಿನ ಪಶು ಇಲಾಖೆಯ ಜೀಪು ಬಂದು ನಿಂತಿತು. ಇಳಿದವರು ಸುಧಾಕರ್ ಸಾಹೇಬರು. ಅವರ ಹಿಂದೆ, ಕುರಿ ಸಿಗದೆ ಕಂಗಾಲಾಗಿದ್ದ ರಹೀಂ ಮತ್ತು ನಾಸಿರಾ. ಇನ್ನೂ ಹಿಂದೆ ಬೀದಿಯೆಲ್ಲ.

"ಇಪ್ಪತ್ಮೂರು ಕೋಟಿ ತುಂಡು ಹೇಳಿರೋದು ನೀವೇನಾ?" ಎಂದರು ಸುಧಾಕರ್.

"ಹೂಂ ಸಾ. ಇಪ್ಪತ್ಮೂರು ಕೋಟಿ ಇಪ್ಪತ್ತೇಳು ಲಕ್ಸದ ತೊಂಬತ್ತೆಲ್ಡು ಸಾವಿರದ ಐನೂರರವತ್ತು."

"ಎಷ್ಟು ಜನಕ್ಕೆ?"

"ಇಪ್ಪತ್ ಮನೆಗೆ ಸಾ."

ಸುಧಾಕರ್ ಫೈಲಿನಲ್ಲಿ ಗುಣಿಸಿ ಭಾಗಿಸಿ ನೋಡಿದರು. ಮನೆಯೊಂದಕ್ಕೆ ಮೂವತ್ತೆಂಟು ಸಾವಿರದ ಏಳುನೂರ ತೊಂಬತ್ತೆಂಟು ಕುರಿ ಬಂದವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಷ್ಟನ್ನೂ ಎಷ್ಟು ದಿನ ತಿಂತೀರಿ?"

"ದಿನ ಎಲ್ಲಿ ಸಾ? ಮದ್ಯಾನಕ್ಕೇ ಮುಗ್ದೋಯ್ತದೆ."

"ಹೆಂಗ್ರೀ ತಿಂತೀರಿ?"

"ಮುದ್ದೆ ಜೊತೇಲಿ ಸಾ."

ಸುಧಾಕರ್ ಜೀಪಿಗೆ ಒರಗಿಕೊಂಡರು. ಯಾರೋ ನೀರು ಕೊಟ್ಟರು. "ನೋಡ್ರೀ, ನನ್ನ ರಿಜಿಸ್ಟರಿನಲ್ಲಿರೋ ಕುರಿ, ಮೇಕೆ, ಎಮ್ಮೆ, ಕೋಳಿ ಎಲ್ಲ ಸೇರಿಸಿದ್ರೂ ಇಷ್ಟಾಗಲ್ಲ. ಹೊರಗಿಂದ ತಂದ್ರೆ ಒಂದೊಂದಕ್ಕೂ ಆರೋಗ್ಯದ ಸರ್ಟಿಫಿಕೇಟು ಬೇಕು. ಏಳೂಮುಕ್ಕಾಲು ಲಕ್ಷ ಸರ್ಟಿಫಿಕೇಟಿಗೆ ನಾನು ಸೈನ್ ಹಾಕಬೇಕು! ನನಗೆ ಇರೋದು ಎರಡು ವರ್ಷ ಸರ್ವಿಸು!"

"ಯಾವ ಕುರಿ ಸಾ?" ಎಂದ ದೊಡ್ಡಬೀರಯ್ಯ. "ಒಂದೇ ಟಗರು. ಅಗೋ, ಅಲ್ಲಿ ಕಟ್ಟಾಕಿವ್ನಿ."

ಎಲ್ಲರೂ ತಿರುಗಿ ನೋಡಿದರು. ಹುಣಸೆಮರದ ಕೆಳಗೆ ಟಗರು ಹುರುಳಿಸೊಪ್ಪು ಮೇಯುತ್ತಿತ್ತು. ತನ್ನ ತಲೆಯ ಮೇಲೆ ಅಷ್ಟು ದೊಡ್ಡ ಸಂಖ್ಯೆ ಇದೆಯೆಂದು ಅದಕ್ಕೆ ಗೊತ್ತಿದ್ದಂತೆ ಕಾಣಲಿಲ್ಲ.

"ಒಂದೇ ಟಗರನ್ನ ಇಪ್ಪತ್ಮೂರು ಕೋಟಿ ತುಂಡು ಮಾಡ್ಬೇಕಾ?" ಎಂದರು ರಹೀಂ.

"ಹೂಂ ಸಾಬ್ರೆ. ಮೇಷ್ಟ್ರು ಲೆಕ್ಕ ಅದು. ಒಬ್ರಿಗೂ ಓಯ್ತದೆ, ಇಪ್ಪತ್ ಜನಕ್ಕೂ ಓಯ್ತದೆ. ಏನೂ ಮಿಗಕಿಲ್ಲ."

ನಾಸಿರಾ ಸೆರಗಿನಿಂದ ಮುಖ ಒರೆಸಿಕೊಂಡರು. "ಬೀರಯ್ಯಣ್ಣ, ಇದಕ್ಕೆ ಕೀಮಾ ಅಂತಾರೆ. ಚೀಟೀಲಿ ಅಷ್ಟು ಬರ್ದಿದ್ರೆ ಸಾಕಿತ್ತು, ಸತ್ಯಮಂಗಲದವರೆಗೆ ಹೋಗ್ತಿರಲಿಲ್ಲ."

ಸಮಾವೇಶವಿಲ್ಲ, ಟಿಕೆಟ್ಟಿಲ್ಲ ಎಂದು ತಿಳಿದು ರಂಗನಾಯಕ ಮೊದಲು ಮಾಡಿದ ಕೆಲಸ ಏಕವಚನಕ್ಕೆ ಇಳಿದದ್ದು. "ಲೋ ಬೀರ, ಅಷ್ಟು ತುಂಡಾಗದೆ ಅಂತ ಯಾರ್ಲಾ ಎಣಿಸ್ತರೆ?"

ಇದು ನ್ಯಾಯವಾದ ಪ್ರಶ್ನೆ ಎಂದು ಬೀದಿ ಒಪ್ಪಿತು. ಸುಧಾಕರ್ ಸಾಹೇಬರು, ಸರ್ಟಿಫಿಕೇಟು ತಪ್ಪಿದ ಸಂತೋಷದಲ್ಲಿ, ತಾವೇ ಲೆಕ್ಕ ಹಾಕಿ ಕೊಟ್ಟರು: ಸೆಕೆಂಡಿಗೆ ಒಂದರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೆ ಏಳು ವರ್ಷ ನಾಲ್ಕು ತಿಂಗಳು. ಅಷ್ಟರಲ್ಲಿ ಬಾಡು ಹಳಸುತ್ತದೆ ಎಂಬ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಕೊನೆಗೆ, ರಹೀಂ ಸಾಬರ ಕೈಯಲ್ಲಿ ಯಾವತ್ತೂ ತುಂಡು ತಪ್ಪಿಲ್ಲವಾದ್ದರಿಂದ ಅವರು ಆಯಿತು ಎಂದಾಗ ಅಷ್ಟೇ ಆಗಿದೆ ಎಂದು ತಿಳಿಯತಕ್ಕದ್ದು ಎಂದು ತೀರ್ಮಾನವಾಯಿತು. ರಹೀಂ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡರು.

ವರ್ಷತೊಡಕಿನ ದಿನ ಬೆಳಿಗ್ಗೆ ಎಂಟಕ್ಕೆ ತಾರ್ಪಾಲು ಹಾಸಿತ್ತು. ನಡುವೆ ದೊಡ್ಡ ಬೇಸಿನ್ನಿನ ತುಂಬ ಕೀಮಾ. ಪಕ್ಕದಲ್ಲಿ ಬೆವರು ಸುರಿಸುತ್ತ ಕುಳಿತ ರಹೀಂ.

"ಆಯ್ತಾ ಸಾಬ್ರೆ?"

"ಕೊನೇ ಐನೂರರವತ್ತು ಈಗ ಮುಗೀತು."

"ಮೂಳೆ ಎಲ್ಲಿ?" ಎಂದು ಯಾರೋ ಕೇಳಿದರು.

"ಬೇರೆ ಇಟ್ಟಿದ್ದೀನಿ. ಅದನ್ನೂ ಕೋಟಿ ಮಾಡ್ಬೇಕು ಅಂದ್ರೆ ಫ್ಲೋರ್ ಮಿಲ್ಲಿಗೆ ತಗೊಂಡೋಗಿ."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಆಟೋ ನಿಂತು, ಇಸ್ತ್ರಿ ಮಾಡಿದ ಪಂಚೆ ಉಟ್ಟ ಗುರುಪಾದಸ್ವಾಮಿ ಮೇಷ್ಟ್ರು ಇಳಿದರು. ಕೈಯಲ್ಲಿ ಸೀಮೆಸುಣ್ಣದ ಡಬ್ಬಿ. ತಮ್ಮ ಸಂಖ್ಯೆಯನ್ನು ಕಣ್ಣಾರೆ ನೋಡಲು ಬಂದ ಅವರು ಬೇಸಿನ್ನಿನ ಹತ್ತಿರ ಬಗ್ಗಿ ನೋಡಿದರು. ಅವರ ವಿಭೂತಿಯೂ ಬಿಳಿಚಿಕೊಂಡಿತು.

"ಬೀರಯ್ಯ! ಬೆಣ್ಣೆ ಅಂದೆಯಲ್ಲೋ!"

"ಬೆಣ್ಣೆ ತರ ಅಂದಿದ್ದೆ ಸಾ."

ಮೇಷ್ಟ್ರು ಹೊರಟುಹೋಗುತ್ತಾರೆಂದೇ ಎಲ್ಲರೂ ತಿಳಿದರು. ಅವರು ನಾಲ್ಕು ಹೆಜ್ಜೆ ಹೋದರು, ನಿಂತರು. ಹದಿನೈದು ವರ್ಷಕ್ಕೊಮ್ಮೆ ಬಂದ ಲೆಕ್ಕ. ಬಿಟ್ಟುಹೋಗಲು ಅವರಿಗೆ ಮನಸ್ಸಾಗಲಿಲ್ಲ. ರಂಗನಾಯಕನ ಮನೆಯ ಗೋಡೆಯ ಕಡೆ ಮುಖ ಮಾಡಿ, ಬೀದಿಗೆ ಬೆನ್ನು ಕೊಟ್ಟು, ಶಲ್ಯದಿಂದ ಮೂಗು ಮುಚ್ಚಿಕೊಂಡು, ಸೀಮೆಸುಣ್ಣ ತೆಗೆದರು. "ಎಷ್ಟು ಗುಡ್ಡೆಯೋ ಹೇಳಿ. ನಾನು ಏನನ್ನೂ ನೋಡಿಲ್ಲ."

ಎಣಿಸಿದರು. ಮಂಚಮ್ಮನ ಮನೆ ಬಿಟ್ಟು ಬೀದಿಯ ಇಪ್ಪತ್ತು ಮನೆಯವರೂ ಪಾತ್ರೆ ಹಿಡಿದು ನಿಂತಿದ್ದರು.

"ಇಪ್ಪತ್ತಕ್ಕೆ ಹೋಗುತ್ತದೆ!" ಎಂದು ಮೇಷ್ಟ್ರು ಗೋಡೆಗೆ ಹೇಳಿದರು.

"ನಂದೂ ಒಂದು" ಎಂದ ಶಾಮಿಯಾನದ ಮುಜೀಬ್. "ಎಕರೆಗಟ್ಟಲೆ ಬಟ್ಟೆ ಒಗೆಸಿ ಕೂತಿದ್ದೀನಿ, ಅಷ್ಟಾದ್ರೂ ಕೊಡಿ."

ಮೇಷ್ಟ್ರ ಸೀಮೆಸುಣ್ಣ ಕಿರುಗುಟ್ಟಿತು. "ಇಪ್ಪತ್ತೊಂದು ಅಂದರೆ ಮೂರೇಳ್ಲ. ಹೋಗುತ್ತದೆ!"

ಚಪ್ಪಾಳೆ ಬಿತ್ತು. ಆಗಷ್ಟೇ ಬಂದು ನಿಂತ ಜೀಪಿನಿಂದ ಇಳಿದ ಸುಧಾಕರ್ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಇಲಾಖೆ ಪರವಾಗಿ ಒಂದು ಸ್ಯಾಂಪಲ್ ತಗೊಂಡು ಹೋಗ್ಬೇಕಾಗುತ್ತೆ." ಅವರ ಕೈಯಲ್ಲಿ ಮೂರು ಅಂತಸ್ತಿನ ಟಿಫನ್ ಕ್ಯಾರಿಯರ್ ಇತ್ತು.

"ಇಪ್ಪತ್ತೆರಡು ಅಂದರೆ ಎರಡು ಹನ್ನೊಂದು. ಹೋಗುತ್ತದೆ! ಗುಡ್ಡೆಗೆ ಒಂದು ಕೋಟಿ ಐದು ಲಕ್ಷದ ಎಂಬತ್ತೊಂದು ಸಾವಿರದ ನಾನೂರ ಎಂಬತ್ತು!"

ಜನ ಮೇಷ್ಟ್ರ ಬೆನ್ನಿಗೆ ಕೈಮುಗಿದರು. ದೊಡ್ಡಬೀರಯ್ಯ ಸೌಟು ಎತ್ತಿದ. ಆಗ ಎರಡು ಮನೆ ಆಚೆಯ ಬಾಗಿಲು ತೆರೆಯಿತು.

ಮಂಚಮ್ಮ ಬಂದಳು. ಸೊಂಟದ ಮೇಲೆ ಅಲ್ಯೂಮಿನಿಯಂ ಪಾತ್ರೆ. ತಮ್ಮನ ಮುಖ ನೋಡಲಿಲ್ಲ, ತಾರ್ಪಾಲಿನ ಅಂಚಿನಲ್ಲಿ ಪಾತ್ರೆಯಿಟ್ಟು ರಹೀಂ ಸಾಬರ ಕಡೆ ತಿರುಗಿ, "ಈ ಸಲ ಮಿಗಕಿಲ್ಲ ಅಂತ ಯಾರೋ ಡಂಗೂರ ಒಡುಸ್ತಾವ್ರಂತೆ. ನಂದೂ ಒಂದ್ ಗುಡ್ಡೆ ಅಂತ ಹೇಳಿ ಸಾಬ್ರೆ" ಎಂದಳು.

ದೊಡ್ಡಬೀರಯ್ಯ ಸೌಟು ಹಿಡಿದೇ ಮೇಷ್ಟ್ರ ಕಡೆ ತಿರುಗಿದ. ಒಂದು ವರ್ಷ ಕಾದದ್ದು ಇದಕ್ಕೇ. "ಬರ್ಕೊಳಿ ಸಾ! ಇಪ್ಪತ್ಮೂರು!" ಎಂದು ಕೂಗಿದ.

ಸೀಮೆಸುಣ್ಣದ ಸದ್ದು ಬರಲಿಲ್ಲ. ಮೇಷ್ಟ್ರು ಗೋಡೆಯ ಮುಂದೆ ತಲೆತಗ್ಗಿಸಿ ನಿಂತಿದ್ದರು.

"ಇಪ್ಪತ್ಮೂರಕ್ಕೆ ಹೋಗುವುದಿಲ್ಲ ಕಣಪ್ಪ. ಅವಿಭಾಜ್ಯ. ಇರುವುದರಲ್ಲಿ ಹೊಂದಿಕೊಳ್ಳುವ ಪೈಕಿಯೇ ಅಲ್ಲ."

ಎಲ್ಲರೂ ಮಂಚಮ್ಮನನ್ನು ನೋಡಿದರು. ಮೇಷ್ಟ್ರು ಅವಳನ್ನು ಕಂಡವರಲ್ಲ, ಆದರೂ ಎಷ್ಟು ಸರಿಯಾಗಿ ಹೇಳಿದರು ಎಂದು ಬೆರಗಾದರು.

"ಎಷ್ಟು ಮಿಗ್ತದೆ ಸಾ?" ಎಂದ ರಂಗನಾಯಕ.

"ಹದಿನೈದು."

ಕೋಟಿಗಟ್ಟಲೆ ಕೀಮಾದಲ್ಲಿ ಹದಿನೈದು ತುಂಡು ಎಂದರೆ ಉಗುರಿನ ಸಂದಿಯಲ್ಲಿ ಸಿಕ್ಕಿಕೊಳ್ಳುವಷ್ಟೂ ಅಲ್ಲ. ಆದರೆ ಬೀದಿಗೆ ಅದು ತೋಚಲಿಲ್ಲ. "ಓದ್ಸಲ ಒಂದು ಮಿಕ್ಕಿದ್ಕೆ ಒಂದ್ ವರ್ಸ ಮಾತ್ ಬುಟ್ರು" ಎಂದ ರಂಗನಾಯಕ ಬೆರಳು ಮಡಿಸುತ್ತ. "ಹದಿನೈದು ಮಿಕ್ರೆ ಹದಿನೈದ್ ವರ್ಸ ಕಣ್ಲಾ!"

ಈ ಲೆಕ್ಕ ಎಲ್ಲರಿಗೂ ಸರಿಯೆನಿಸಿತು. ಮೇಷ್ಟ್ರು ಒಬ್ಬರೇ ಉತ್ಸಾಹ ಬಿಡದೆ, "ಪರಿಹಾರ ಬಹಳ ಸುಲಭ. ಒಂದೊಂದು ತುಂಡನ್ನೂ ಇನ್ನು ಇಪ್ಪತ್ಮೂರು ತುಂಡು ಮಾಡಿಬಿಡಿ. ಐನೂರ ಮೂವತ್ತೈದು ಕೋಟಿ ನಲವತ್ತೆರಡು ಲಕ್ಷ ಆಗುತ್ತದೆ, ಅಷ್ಟೆ" ಎಂದರು. ರಹೀಂ ಮೂವತ್ತು ವರ್ಷದಲ್ಲಿ ಮೊದಲ ಸಲ ಕತ್ತಿಯನ್ನು ಕೆಳಗಿಟ್ಟು ಆಗಲ್ಲ ಎಂದರು.

"ಯಾರಾದ್ರೂ ಒಬ್ರು ಬುಟ್ಕೊಡಿ" ಎಂದಿತು ಜನ. ಮುಜೀಬ್ ಆಕಾಶ ನೋಡಿದ. ಸುಧಾಕರ್ ಟಿಫನ್ ಕ್ಯಾರಿಯರನ್ನು ಬೆನ್ನ ಹಿಂದೆ ಹಿಡಿದರು. "ಕಡೇಲಿ ಬಂದೋರು ಓಗ್ಲಿ" ಎಂದ ರಂಗನಾಯಕ. ಮಂಚಮ್ಮ ಪಾತ್ರೆಯನ್ನು ಎತ್ತಿಕೊಳ್ಳಲು ಬಗ್ಗಿದಳು. ಅರವತ್ತು ದಾಟಿದ ಸೊಂಟ, ಬಗ್ಗಲು ಸ್ವಲ್ಪ ಹೊತ್ತು ಹಿಡಿಯಿತು. ಅದನ್ನು ನೋಡುತ್ತ ದೊಡ್ಡಬೀರಯ್ಯ ಮನಸ್ಸಿನಲ್ಲೇ ಎಣಿಸಿದ. ಹದಿನೈದು ವರ್ಷ! ಅಷ್ಟು ದಿನ ಅವಳಿರುತ್ತಾಳೋ, ತಾನಿರುತ್ತೇನೋ.

"ನನ್ ಗುಡ್ಡೆ ತಗೀರಿ!" ಎಂದು ಅವನು ಸೌಟನ್ನು ಬೇಸಿನ್ನಿಗೆ ಎಸೆದ. "ನಂಗ್ ಬ್ಯಾಡ. ಲೆಕ್ಕಾನೂ ಬ್ಯಾಡ, ಬಾಡೂ ಬ್ಯಾಡ. ಅಕ್ಕಂಗ್ ಹಾಕಿ. ಹದಿನೈದಲ್ಲ, ಪೂರ್ತಿ ಹಾಕಿ. ಈ ಸಲ ಯಾವ್ ನನ್ಮಗ ಕೂಗ್ತನೆ ನೋಡ್ತೀನಿ!"

ಮಂಚಮ್ಮ ನೆಟ್ಟಗಾದಳು. ಸುತ್ತ ನೋಡಿದಳು. ಹೇಳಿಕೊಳ್ಳಲು ಕೋಳಿ ಎಲ್ಲಿಯೂ ಕಾಣಲಿಲ್ಲ.

"ಲೋ ಬೀರ" ಎಂದಳು, ನೇರವಾಗಿ ಅವನ ಮುಖಕ್ಕೆ. "ವರ್ಸತೊಡಕಿನ ದಿನ ಬಾಡು ಬ್ಯಾಡ ಅಂತೀಯಲ್ಲ, ನಿಂಗೇನ್ ಬುದ್ದಿಗಿದ್ದಿ ಅದಾ? ಇಬ್ರಿಗೂ ಸೇರ್ಸಿ ಒಂದ್ ಗುಡ್ಡೆ ಹಾಕುಸ್ಲಾ. ಒಂದೊಟ್ಟೇಲಿ ಉಟ್ಟೀವಿ, ಒಂದ್ ಪಾತ್ರೇಲಿ ಉಣ್ಣಕಾಗಕಿಲ್ವಾ? ನಿನ್ ಎಂಡ್ರು ಮಕ್ಳ ಕರ್ಕೊಂಡ್ ಬಾ, ನಮ್ಮನೇಲೇ ಬೇಯುಸ್ತೀನಿ."

"ಇಪ್ಪತ್ತೆರಡು!" ಎಂದು ಮೇಷ್ಟ್ರು ಗೋಡೆಯ ಕಡೆಯಿಂದಲೇ ಎರಡು ಕೈ ಎತ್ತಿ ಕೂಗಿದರು. "ನಿಶ್ಶೇಷ! ನಿಶ್ಶೇಷ!" ಶಲ್ಯದಿಂದ ಕಣ್ಣೊರೆಸಿಕೊಂಡರು. ರಂಗನಾಯಕನೂ ಕಣ್ಣೊರೆಸಿಕೊಂಡ, ಆದರೆ ಗುಡ್ಡೆಗಳ ಮೇಲಿನ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನ ಮಂಚಮ್ಮನ ಒಲೆಯ ಮುಂದೆ ದೊಡ್ಡಬೀರಯ್ಯ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಮಂಚಮ್ಮ ಕೀಮಾ ತಿರುವುತ್ತ ಬೈಯುತ್ತಿದ್ದಳು. ಒಂದು ವರ್ಷದ್ದೆಲ್ಲ ಒಟ್ಟಿಗೆ ಬಂದಿತ್ತು. ಜ್ವರ ಬಂದಾಗ ಮಳೇಲಿ ನೆಂದದ್ದಕ್ಕೆ, ಗಡ್ಡ ಬಿಟ್ಟದ್ದಕ್ಕೆ, ಮನೆಯ ಹೆಂಚು ಸರಿಮಾಡಿಸದೆ ಬಿಟ್ಟದ್ದಕ್ಕೆ, ಟಿಕೆಟ್ ವಿಷಯಕ್ಕೆ ತಲೆಯಾಡಿಸಿದ್ದಕ್ಕೆ, ಒಂದೊಂದಕ್ಕೂ ಬೇರೆ ಬೇರೆಯಾಗಿ ಬೈದಳು. ಬೈಗುಳದ ಭರದಲ್ಲಿ ಒಂದು ಹಿಡಿ ಉಪ್ಪು ಹಾಕಿದಳು. ಮರೆತು ಇನ್ನೊಂದು ಹಿಡಿ ಹಾಕಿದಳು. ಆಮೇಲೆ ಸೌಟಿನ ತುದಿಯಲ್ಲಿ ಸ್ವಲ್ಪ ತೆಗೆದು ಅವನ ಅಂಗೈಗೆ ಬಿಟ್ಟಳು.

"ನೋಡ್ಲಾ, ಉಪ್ಪು ಸರಿಯಾಗದಾ?"

ದೊಡ್ಡಬೀರಯ್ಯ ಬಾಯಿಗೆ ಹಾಕಿಕೊಂಡ. ಸಮುದ್ರವೇ ಒಳಗೆ ಇಳಿದಂತಾಯಿತು. ಇಪ್ಪತ್ತೇಳು ವರ್ಷ ತೂಕದಲ್ಲಿ ಒಂದು ಗ್ರಾಮು ಹೆಚ್ಚುಕಡಿಮೆ ಬಂದರೂ ಲಾರಿ ನಿಲ್ಲಿಸಿ ಜಗಳವಾಡಿದ ಮನುಷ್ಯ ಅವನು.

"ಸರಿಯಾಗದೆ ಕಣಕ್ಕ" ಎಂದ. "ಎಳ್ಳಷ್ಟೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಇನ್ನೊಂದ್ ಮುದ್ದೆ ಜಾಸ್ತಿ ಹಾಕು."